ಬೇಕು, ಇದೆ, ತಂದದ್ದು

2025ರ ಆಯುಧಪೂಜೆಗೆ ಮುಂಚಿನ ಭಾನುವಾರ ಅಡುಗೆಮನೆ ಕಪಾಟು ಖಾಲಿ ಮಾಡಿ ಒರೆಸಲು ಕೂತೆ. ಮೇಲಿನ ಅರೆಯಿಂದ ಒಂದೊಂದೇ ಇಳಿಸುತ್ತಾ ಹೋದರೆ ಜೀರಿಗೆ ಪ್ಯಾಕೆಟ್ ನಾಲ್ಕು ಸಿಕ್ಕವು. ಒಂದು ಒಡೆದು ರಬ್ಬರ್ ಬ್ಯಾಂಡ್ ಸುತ್ತಿದ್ದು, ಮೂರು ಹೊಸದಾಗಿ ಹಾಗೇ ಇದ್ದವು. ಇಂಗಿನ ಡಬ್ಬಿ ಎರಡು. ಚಿರೋಟಿ ರವೆ ಒಂದು ಕೆಜಿ, ಬನ್ಸಿ ರವೆ ಒಂದೂವರೆ ಕೆಜಿ. ಬನ್ಸಿ ರವೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಹುಳಗಳ ಒಂದು ತುಂಬಿದ ಸಂಸಾರ. ಹಾಲ್‌ನಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿ, “ಅಂಗಡಿ ಇಡೋ ಯೋಚನೆ ಇದ್ರೆ ಹೇಳಮ್ಮ, ಗಲ್ಲಾದಲ್ಲಿ ನಾನು ಕೂತ್ಕೋತೀನಿ” ಅಂದರು.

ನಗು ಬಂತು. ಆದರೆ ಆ ರವೆಯನ್ನು ಕಸದ ಬುಟ್ಟಿಗೆ ಸುರಿಯುವಾಗ ಹೊಟ್ಟೆ ಉರಿಯಿತು. ಹಿಂದಿನ ವಾರವಷ್ಟೇ ಮನೆಯಲ್ಲಿ ಇದೇ ವಿಷಯಕ್ಕೆ ಜಗಳವಾಗಿತ್ತು. “ದಿನಸಿಗೇ ಇಷ್ಟು ದುಡ್ಡು ಹೋಗ್ತಿದೆಯಲ್ಲ, ಅಂಥದ್ದೇನು ತಿಂತಿದೀವಿ ನಾವು?” ಅಂತ ಇವರು ಕೇಳಿದ್ದರು. “ಹೊರಗೆ ಬೆಲೆ ನೋಡಿದೀರಾ?” ಅಂತ ನಾನು ಬಾಯಿ ಮುಚ್ಚಿಸಿದ್ದೆ. ಬೆಲೆ ಏರಿಕೆ ಅನ್ನುವುದು ಬಹಳ ಅನುಕೂಲದ ಉತ್ತರ. ಅದಕ್ಕೆ ಎದುರು ಮಾತಾಡುವವರೇ ಇಲ್ಲ. ನಾಲ್ಕು ಜೀರಿಗೆ ಪ್ಯಾಕೆಟ್ ಸಾಲಾಗಿ ಇಟ್ಟು ನೋಡಿದಾಗ ಮಾತ್ರ ಆ ಉತ್ತರ ನನಗೇ ರುಚಿಸಲಿಲ್ಲ.

ಆ ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಪ್ಟೆಂಬರ್ ಲೆಕ್ಕ ತೆಗೆದೆ. ಬ್ಯಾಂಕಿನ ಮೆಸೇಜು, ಯುಪಿಐ ಪಟ್ಟಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಅಂಗಡಿ ಬಿಲ್ಲು. ತಿಂಗಳ ಮೊದಲಲ್ಲಿ ತಂದ ಸಾಮಾನು 7,260 ರೂಪಾಯಿ. ಹಾಲು 2,100. ಗಾಡಿಯವರ ಹತ್ತಿರ ಸೊಪ್ಪು, ತರಕಾರಿ, ಹಣ್ಣು 2,900. ಇಲ್ಲಿಗೆ 12,260. ನನ್ನ ತಲೆಯಲ್ಲಿ ಇದ್ದದ್ದೂ ಅಷ್ಟೇ, ಹನ್ನೆರಡು ಹದಿಮೂರು ಸಾವಿರ. ಅಷ್ಟರಲ್ಲಿ ಮಗಳು ಫೋನಿನ ಆ್ಯಪ್‌ಗಳಲ್ಲಿ ಆರ್ಡರ್ ಎಣಿಸತೊಡಗಿದಳು. ಇಪ್ಪತ್ತು ದಾಟಿದಾಗ ಅವಳಿಗೆ ನಗು, ಮೂವತ್ತೈದಕ್ಕೆ ನನ್ನ ಮುಖ ನೋಡಿ ಸುಮ್ಮನಾದಳು. ನಲವತ್ತೊಂದು. ಒಂದು ತಿಂಗಳಲ್ಲಿ ನಲವತ್ತೊಂದು ಸಲ ಯಾವುದೋ ಹುಡುಗ ಗಾಡಿ ಓಡಿಸಿಕೊಂಡು ಬಂದು ನಮ್ಮ ಮನೆ ಬೆಲ್ಲು ಒತ್ತಿದ್ದಾನೆ. ಒಂದೊಂದು ಸಲ ಇನ್ನೂರು, ಇನ್ನೂರೈವತ್ತು. ಬಿಲ್ಲು ಅಂತ ಕರೆಯುವುದಕ್ಕೂ ಚಿಕ್ಕದು. ಕೂಡಿದರೆ 9,430 ರೂಪಾಯಿ, ತಿಂಗಳ ಸಾಮಾನಿಗಿಂತ ಹೆಚ್ಚು.

ಆ ನಲವತ್ತೊಂದರಲ್ಲಿ ಒಂದನ್ನು ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಎಂಟೂ ಹತ್ತು. ಉಪ್ಪಿಟ್ಟಿಗೆ ಎಣ್ಣೆ ಕಾಯುತ್ತಿದೆ, ಕರಿಬೇವಿಲ್ಲ. ಫೋನು ತೆಗೆದೆ. ಕರಿಬೇವು ಹನ್ನೆರಡು ರೂಪಾಯಿ. 199 ದಾಟಿದರೆ ಡೆಲಿವರಿ ಪುಕ್ಕಟೆ ಅಂತ ಹಸಿರು ಪಟ್ಟಿ ಹೇಳಿತು. ಪುಕ್ಕಟೆ ಅಂದಮೇಲೆ ಬಿಡುವುದುಂಟೆ? ಬ್ರೆಡ್ಡು ಐವತ್ತು, ಮಗಳಿಗೆ ಚಿಪ್ಸ್ ಎರಡು ನಲವತ್ತು, ಚಾಕೊಲೇಟು ಐವತ್ತು. ಇನ್ನೂ ಸಾಲದು. ಜೀರಿಗೆ ಮುಗಿದಿರಬೇಕು ಅನ್ನಿಸಿತು, ಅದು ನಲವತ್ತೆಂಟು. ಇನ್ನೂರಾಯಿತು. ಕೊನೆಗೆ ಅದೇನೋ ಹ್ಯಾಂಡ್ಲಿಂಗ್ ಅಂತ ಹದಿನಾಲ್ಕು ಸೇರಿ 214. ಉಪ್ಪಿಟ್ಟು ಕರಿಬೇವಿಲ್ಲದೆಯೇ ಆಯಿತು. ಹುಡುಗ ಬರುವ ಹೊತ್ತಿಗೆ ರವೆ ಹುರಿದು ನೀರು ಹೊಯ್ದಾಗಿತ್ತು.

ಕರಿಬೇವು ನಮ್ಮ ಕಡೆ ದುಡ್ಡು ಕೊಟ್ಟು ತರುವ ಪದಾರ್ಥವೇ ಅಲ್ಲ. ತರಕಾರಿ ತೂಗಿ ಚೀಲಕ್ಕೆ ಸುರಿದ ಮೇಲೆ “ಕೊಸರು ಹಾಕಪ್ಪ” ಅಂದರೆ ಎರಡು ಎಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಬೀಳುತ್ತಿದ್ದವು. ಆ್ಯಪಿನಲ್ಲೂ ಕೊಸರು ಇದೆ, ಆದರೆ ಅದನ್ನು ಹಾಕುವವರು ನಾವು.

ಕೊಸರಿನ ಮಾತು ಬಂದರೆ ಅಮ್ಮನ ಮಾತು ಬರಲೇಬೇಕು. ನಮ್ಮದು ತಿಪಟೂರು ಸೀಮೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಸಂಬಳ ಬಂದ ಮಾರನೇ ದಿನ ಪೇಟೆಯ ಶೆಟ್ಟರ ಅಂಗಡಿಗೆ ತಿಂಗಳ ಪಟ್ಟಿ ಹೋಗಬೇಕು. ಎರಡು ವರ್ಷದ ಹಿಂದೆ ಊರ ಮನೆ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಅಮ್ಮನ ಲೆಕ್ಕದ ಡೈರಿ ಸಿಕ್ಕಿತ್ತು. ಯಾವುದೋ ಬ್ಯಾಂಕು ಪುಕ್ಕಟೆ ಕೊಟ್ಟ 1993ರ ಡೈರಿ. ನೆನಪಿಗೆ ಅಂತ ಎತ್ತಿಕೊಂಡು ಬಂದವಳು ಬೀರುವಿನಲ್ಲಿಟ್ಟು ಮರೆತಿದ್ದೆ. ಜೀರಿಗೆ ಪ್ರಕರಣದ ಮಾರನೇ ದಿನ ತೆಗೆದು ನೋಡಿದೆ.

ಪ್ರತಿ ತಿಂಗಳಿಗೂ ಒಂದು ಪುಟ, ಸ್ಕೇಲಿಟ್ಟು ಗೆರೆ ಎಳೆದು ಮೂರು ಮನೆ: ಬೇಕು, ಇದೆ, ತಂದದ್ದು. ತೊಗರಿಬೇಳೆ, ಬೇಕು 4 ಕೆಜಿ, ಇದೆ 3 ಪಾವು, ತಂದದ್ದು 3 ಕೆಜಿ. ಸಾಸಿವೆ, ಬೇಕು ಕಾಲು ಕೆಜಿ, ಇದೆ ಅರ್ಧ ಡಬ್ಬಿ, ತಂದದ್ದರ ಎದುರು ಒಂದು ಗೀಟು. ಈ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂತು; ಅಮ್ಮನಿಗೆ ಅದು ಅಂಗಡಿಯವರೆಗೆ ಮಾತ್ರ. ಮನೆಯೊಳಗೆ ಬಂದ ಬೇಳೆ ಮತ್ತೆ ಪಾವಾಗುತ್ತಿತ್ತು, ಚಟಾಕಾಗುತ್ತಿತ್ತು. ಈ “ಇದೆ” ಬರೆಯುವುದಕ್ಕೆ ಅವಳು ಪ್ರತಿ ಡಬ್ಬಿಯ ಮುಚ್ಚಳ ತೆಗೆದು, ಅಲ್ಲಾಡಿಸಿ, ಒಮ್ಮೊಮ್ಮೆ ಮೊರಕ್ಕೆ ಸುರಿದು ಪಾವಿನಿಂದ ಅಳೆಯುತ್ತಿದ್ದಳು. ಆಗ ನಮಗೆ ಅದು ತಿಂಗಳ ಕೊನೆಯ ಒಂದು ಶಬ್ದ, ಅಷ್ಟೇ: ಹಿತ್ತಾಳೆ ಪಾವು ಸ್ಟೀಲ್ ಡಬ್ಬಿಯ ತಳಕ್ಕೆ ತಾಗುವ ಶಬ್ದ.

ನನ್ನ ಫೋನಿನಲ್ಲಿ “ಬೇಕು” ಇದೆ. “ತಂದದ್ದು” ಬೇಕಾದಷ್ಟಿದೆ, ನಾಲ್ಕು ವರ್ಷದ ಹಿಂದಿನದೂ ಸಿಗುತ್ತದೆ. ನಡುವಿನ ಮನೆ ಇಲ್ಲ. ಅದನ್ನು ಯಾವ ಅಂಗಡಿಯೂ ನಮಗಾಗಿ ಬರೆದಿಡುವುದಿಲ್ಲ. ಬರೆದರೆ ಅವರಿಗೇ ನಷ್ಟ.

ಬೆಲೆ ಏರಿಲ್ಲ ಅಂತ ನಾನು ಹೇಳುತ್ತಿಲ್ಲ. ಏರಿದೆ, ನೋಯುವಷ್ಟು ಏರಿದೆ. ಆದರೆ ನಾವು ಗೋಳಾಡುವ ಬೆಲೆ ಒಂದು, ನಮ್ಮ ಜೇಬು ಕೊರೆಯುವ ಬೆಲೆ ಇನ್ನೊಂದು. 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿದಾಗ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕೋಲಾರದಲ್ಲಿ ತೋಟಕ್ಕೆ ಕಾವಲು ಹಾಕಿದರಂತೆ ಅನ್ನುವ ಸುದ್ದಿ, ವಾಟ್ಸ್ಯಾಪಿನಲ್ಲಿ ಟೊಮೆಟೊ ಹಾರದ ಜೋಕು. ಈಗ ಕೂತು ಲೆಕ್ಕ ಹಾಕಿದರೆ ನಮ್ಮ ಮನೆಗೆ ತಿಂಗಳಿಗೆ ಆರು ಕೆಜಿ ಬೇಕು. ಇಪ್ಪತ್ತೈದಕ್ಕೆ ಸಿಗುವುದನ್ನು ನೂರ ಇಪ್ಪತ್ತಕ್ಕೆ ಕೊಂಡರೂ ಹೆಚ್ಚಿಗೆ ಆದದ್ದು 570 ರೂಪಾಯಿ. ಅದೂ ಹುಣಸೆಹಣ್ಣು ಮರೆತವರ ಲೆಕ್ಕ. ಆ 570ಕ್ಕೆ ನಾನು ಇಡೀ ತಿಂಗಳು ಅತ್ತಿದ್ದೇನೆ. ಚಿಪ್ಸಿಗೆ ಒಂದು ದಿನವೂ ಅತ್ತಿಲ್ಲ.

ಕೇಂದ್ರ ಸರ್ಕಾರ 2023-24ರಲ್ಲಿ ಮಾಡಿಸಿದ ಮನೆಖರ್ಚಿನ ಸಮೀಕ್ಷೆಯಲ್ಲಿ ನಗರದವರ ತಿಂಗಳ ವೆಚ್ಚದಲ್ಲಿ ಸುಮಾರು ಶೇ 40ರಷ್ಟು ಊಟತಿಂಡಿಗೆ ಹೋಗುತ್ತದೆ ಅಂತಿದೆ. ಆ ಊಟತಿಂಡಿಯೊಳಗೆ ಎಲ್ಲಕ್ಕಿಂತ ದೊಡ್ಡ ಪಾಲು ಅಕ್ಕಿಯದಲ್ಲ, ಹಾಲಿನದಲ್ಲ, ತರಕಾರಿಯದೂ ಅಲ್ಲ. ಪಾನೀಯ ಮತ್ತು ಸಿದ್ಧ ತಿನಿಸಿನದು, ಒಟ್ಟು ವೆಚ್ಚದ ಶೇ 11ರಷ್ಟು. ಓದಿದಾಗ ಸ್ವಲ್ಪ ಸಮಾಧಾನವಾಯಿತು, ಚಿಪ್ಸಿಗೆ ದುಡ್ಡು ಸುರಿಯುವವಳು ನಾನೊಬ್ಬಳೇ ಅಲ್ಲ ಅಂತ.

ಇನ್ನು ಕಣ್ಣಿಗೆ ಕಾಣದ ಹಾಗೆ ಏರುವ ಬೆಲೆ. ಎಣ್ಣೆ ತಗೊಳ್ಳಿ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಯುಕ್ರೇನಿನಲ್ಲಿ ಯುದ್ಧವಾದರೂ, ದೆಹಲಿಯಲ್ಲಿ ಸುಂಕ ಏರಿಸಿದರೂ (2024ರ ಸೆಪ್ಟೆಂಬರ್‌ನಲ್ಲಿ ಏರಿಸಿದರು) ನಮ್ಮ ಬಾಣಲೆಗೆ ತಾಗುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ಪ್ಯಾಕೆಟ್ ತಿರುಗಿಸಿ ನೋಡುವುದು ಇದೆ. ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಎರಡು ಪ್ಯಾಕೆಟ್ ಅಕ್ಕಪಕ್ಕ ಇದ್ದವು, ಒಂದು 148, ಇನ್ನೊಂದು 154. ಕಣ್ಣಿಗೆ ಒಂದೇ ಗಾತ್ರ. 148ರದ್ದನ್ನು ಬುಟ್ಟಿಗೆ ಹಾಕಿದವಳು ಯಾಕೋ ಹಿಂದೆ ತಿರುಗಿಸಿದೆ: 850 ಗ್ರಾಂ. 154ರದ್ದು 910 ಗ್ರಾಂ, ಅಂದರೆ ಒಂದು ಲೀಟರು. ಮೊದಲೆಲ್ಲ ಎಣ್ಣೆಯನ್ನು ಇಂತಿಷ್ಟೇ ಅಳತೆಯಲ್ಲಿ ಕಟ್ಟಬೇಕು ಅಂತ ನಿಯಮವಿತ್ತು. ಅದನ್ನು ತೆಗೆದು, ಬದಲಿಗೆ ಗ್ರಾಮಿಗೋ ಕೆಜಿಗೋ ಎಷ್ಟು ಬೀಳುತ್ತದೆ ಅಂತ ಅಚ್ಚು ಹಾಕಿ ಅಂದರು. ಒಳ್ಳೆಯದೇ. ಆದರೆ ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಮಿನ ಲೆಕ್ಕ. ಎರಡರ ಮೇಲೂ ಹದಿನೇಳು ಪೈಸೆ! ಫೋನಿನಲ್ಲಿ ಭಾಗಿಸಿದರೆ ಕಡಿಮೆಯದ್ದು ಕೆಜಿಗೆ 174, ಜಾಸ್ತಿಯದ್ದು 169. ಆ ದಿನ ನನ್ನ ಹಿಂದೆ ನಿಂತಿದ್ದ ಹೆಂಗಸಿಗೆ ನಾನು ಎಣ್ಣೆ ಪ್ಯಾಕೆಟ್ ಜೊತೆ ಮಾತಾಡುವವಳಂತೆ ಕಂಡಿರಬೇಕು.

ಅಕ್ಕಿಗೂ ಒಂದು ಕಥೆ ಇದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಕಟ್ಟಿದ, ಲೇಬಲ್ ಹಾಕಿದ ಅಕ್ಕಿ-ಬೇಳೆಗೆ ಶೇ 5 ಜಿಎಸ್‌ಟಿ ಬಂತು. ಆಮೇಲೆ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿತು. ಒಂದು ಕೆಜಿ ಹೆಚ್ಚು ಹಾಕಿ ತೆರಿಗೆಯ ಗೆರೆ ದಾಟಿದ ಆ ವ್ಯಾಪಾರಿ ಬುದ್ಧಿಗೆ ಕೈ ಮುಗಿಯಬೇಕು. ನಮಗೆ 26 ಕೆಜಿ ಸೋನಾ ಮಸೂರಿ ಎರಡು ತಿಂಗಳಿಗೆ ಬಂದು ಚೂರು ಉಳಿಯುತ್ತದೆ, ಹಾಗಾಗಿ ಅದು ಸರಿಹೋಗುತ್ತದೆ. ಇಬ್ಬರೇ ಇರುವ ಮನೆಗೆ ಸರಿಹೋಗಲಾರದು. ಬಿಡಿಯಾಗಿ ತೂಗಿ ಕೊಡುವ ಅಕ್ಕಿ-ಬೇಳೆಗೆ ಆ ತೆರಿಗೆ ಇಲ್ಲ, ಬೇಕಾದಷ್ಟೇ ತರಬಹುದು.

ಲೆಕ್ಕ ಸರಿಮಾಡುತ್ತೇನೆ ಅಂತ ಹೊರಟವಳು ಮೊದಲು ಮಾಡಿದ್ದೆಲ್ಲ ಎಡವಟ್ಟೇ. ಎಕ್ಸೆಲ್ ಹಾಳೆ ಒಂಬತ್ತು ದಿನ ಬದುಕಿತು. ಆಮೇಲೆ ಹೋಲ್‌ಸೇಲ್ ಹುಚ್ಚು. ಒಂದು ಶನಿವಾರ ಇವರನ್ನೂ ಎಬ್ಬಿಸಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹೋಗಿ ಹತ್ತು ಕೆಜಿ ತೊಗರಿಬೇಳೆ, ಐದು ಕೆಜಿ ಬ್ಯಾಡಗಿ ಮೆಣಸಿನಕಾಯಿ, ಹದಿನೈದು ಲೀಟರ್ ಎಣ್ಣೆ ಟಿನ್ನು ಹೊತ್ತು ತಂದೆವು. ಕೆಜಿಗೆ ಹತ್ತು ಹದಿನೈದು ಉಳಿಯಿತು, ನಿಜ. ಆಟೋಕ್ಕೆ ಹೋಗಿದ್ದು ಬೇರೆ. ಅದಕ್ಕಿಂತ ವಿಚಿತ್ರವೆಂದರೆ ಎಣ್ಣೆ. ಪ್ಯಾಕೆಟ್ಟಿನ ಕಾಲದಲ್ಲಿ ತಿಂಗಳಿಗೆ ಮೂರು ಲೀಟರು ಸಾಕಾಗುತ್ತಿದ್ದ ಮನೆಯಲ್ಲಿ ಟಿನ್ನು ಬಂದ ತಿಂಗಳು ನಾಲ್ಕೂವರೆ ಮುಗಿಯಿತು. ತುಂಬಿದ ಟಿನ್ನು ನೋಡಿದರೆ ಕೈ ತಾನಾಗಿ ಧಾರಾಳವಾಗುತ್ತದೆ, ಬೋಂಡಾ ನೆನಪಾಗುತ್ತದೆ. ಮೆಣಸಿನಕಾಯಿ ಇನ್ನೂ ಇದೆ, ಬೇಕಾದವರು ಬನ್ನಿ.

ಕಾಫಿಪುಡಿಗೂ ಕೈ ಹಾಕಿದೆ. ಪುಡಿ ಬೆಲೆ ಒಂದೆರಡು ವರ್ಷದಲ್ಲಿ ಗಗನಕ್ಕೇರಿದೆ. ಇವರಿಗೆ ಹೇಳದೆ ಚಿಕೋರಿ ಜಾಸ್ತಿ ಹಾಕಿಸಿ ತಂದೆ, 80:20 ಇದ್ದದ್ದು 60:40. ಮೊದಲ ದಿನ ಲೋಟದಲ್ಲಿ ಅರ್ಧ ಉಳಿಯಿತು. ಎರಡನೇ ದಿನವೂ. ಮೂರನೇ ದಿನ ಬೆಳಿಗ್ಗೆ ಇವರು ಚಪ್ಪಲಿ ಮೆಟ್ಟಿ ಮೂಲೆ ಹೋಟೆಲಿಗೆ ಹೋದರು. ತಿಂಗಳಿಗೆ ನೂರೈವತ್ತು ಉಳಿಸಲು ಹೋಗಿ ದಿನಕ್ಕೆ ಇಪ್ಪತ್ತು ಕಳೆಯುವ ದಾರಿ ಅದು. 80:20ಕ್ಕೆ ಮರಳಿದೆವು. ಕೆಲವು ಸಾಲುಗಳ ಎದುರು ಪೆನ್ಸಿಲ್ ಹಿಡಿಯಬಾರದು.

ಕೊನೆಗೆ ಉಳಿದದ್ದು ಅಮ್ಮನ ಮೂರು ಮನೆ. ಮಗಳ ಹಳೇ ನೋಟ್‌ಬುಕ್ಕಿನ ಹಾಳೆ, ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟು, ದಾರ ಕಟ್ಟಿದ ಪೆನ್ಸಿಲು. ಡಬ್ಬಿ ನೋಡುವ ಕೆಲಸ ಅತ್ತೆ ತಾವೇ ವಹಿಸಿಕೊಂಡರು. ತಿಂಗಳ ಕೊನೆಯ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಒಂದೊಂದೇ ಮುಚ್ಚಳ ತೆಗೆದು, “ಉದ್ದಿನಬೇಳೆ ಇದೆ, ಬರಿ, ಎರಡು ಲೋಟ” ಅಂತ ಕೂಗುತ್ತಾರೆ, ಮಗಳು ಬರೆಯುತ್ತಾಳೆ. ಆ್ಯಪ್ ಅಳಿಸಿಲ್ಲ, ಜ್ವರದ ಮಾತ್ರೆಗೂ ರಾತ್ರಿ ಹತ್ತಕ್ಕೆ ಬರುವ ನೆಂಟರಿಗೂ ಬೇಕು. ಆದರೆ ತೆಗೆಯುವ ಮೊದಲು ಫ್ರಿಜ್ಜಿನ ಹತ್ತಿರ ಹೋಗಿ ಓದಬೇಕು ಅಂತ ಮಾತಾಗಿದೆ. ಅಡುಗೆಮನೆಗೆ ನಡೆಯುವ ಆ ಹನ್ನೆರಡು ಹೆಜ್ಜೆಯಲ್ಲೇ ಅರ್ಧ ಆರ್ಡರ್ ಸಾಯುತ್ತವೆ. ಸೆಪ್ಟೆಂಬರ್‌ನಲ್ಲಿ ಎಲ್ಲ ಸೇರಿ 21,690 ಇದ್ದದ್ದು ಅಕ್ಟೋಬರ್‌ನಲ್ಲಿ ದೀಪಾವಳಿ ಸೇರಿ 17,100 ಆಯಿತು, ನವೆಂಬರ್ 14,350. ಆ ನವೆಂಬರಿನಲ್ಲೇ ನಂದಿನಿ ತುಪ್ಪ ಲೀಟರಿಗೆ 700 ಆದದ್ದು. ಸೆಪ್ಟೆಂಬರ್‌ನಲ್ಲಿ ತೆರಿಗೆ ಇಳಿದು ಅಗ್ಗವಾಯಿತು ಅಂತ ಹಿಗ್ಗಿದ್ದೆವು, ಹಿಗ್ಗು ಎರಡು ತಿಂಗಳೂ ಬರಲಿಲ್ಲ.

ಪಟ್ಟಿ ಬಂದಮೇಲೆ ಅಡುಗೆಯೂ ಸ್ವಲ್ಪ ಬದಲಾಗಿದೆ. “ಏನು ಮಾಡಲಿ” ಅನ್ನುವ ಬದಲು “ಏನಿದೆ” ಅಂತ ಶುರುವಾಗುತ್ತದೆ. ದಂಟಿನಸೊಪ್ಪು ಬಾಡುವ ಹಾಗಿದ್ದರೆ ಅತ್ತೆ ಬಸ್ಸಾರು ಅನ್ನುತ್ತಾರೆ. ಒಂದು ಲೋಟ ತೊಗರಿಬೇಳೆ, ಒಂದು ಕಟ್ಟು ಸೊಪ್ಪು. ಬೇಯಿಸಿ ಬಸಿದರೆ ನೀರು ಸಾರಿಗೆ, ಉಳಿದ ಬೇಳೆ-ಸೊಪ್ಪು ಪಲ್ಯಕ್ಕೆ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ ರುಬ್ಬಿ ಹಾಕಿ ಕುದಿಸಿದರೆ ಮಾರನೇ ದಿನಕ್ಕೆ ರುಚಿ ಇನ್ನೂ ಹೆಚ್ಚು. ಒಂದೇ ಪಾತ್ರೆಯಿಂದ ಎರಡು ಅಡುಗೆ. ಮುದ್ದೆ ಇದ್ದರೆ ಇವರು ಚಿಪ್ಸು, ಹಪ್ಪಳ ಯಾವುದನ್ನೂ ಕೇಳುವುದಿಲ್ಲ.

ಆ ಬಸ್ಸಾರಿಗೂ ಕಾಯಿ ಬೇಕಲ್ಲ. ತಿಪಟೂರಿನ ಹೆಣ್ಣುಮಗಳು ತೆಂಗಿನಕಾಯಿ ಕೊಂಡು ತಿನ್ನುವುದು ಅಂದರೆ ಮಾನ ಹೋಗುವ ಮಾತು. ಇಷ್ಟು ವರ್ಷ ಅಣ್ಣ ಮೂರು ತಿಂಗಳಿಗೊಮ್ಮೆ ಒಂದು ಮೂಟೆ ಬಸ್ಸಿಗೆ ಹಾಕುತ್ತಿದ್ದ. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿ ಓಡಿತು. ಮರದಲ್ಲಿ ರೋಗ, ಇಳುವರಿ ಇಲ್ಲ, ಇದ್ದದ್ದರಲ್ಲಿ ಅರ್ಧ ಎಳನೀರಿಗೇ ಇಳಿಸುತ್ತಾರೆ. ನಮ್ಮ ಬೀದಿಯಲ್ಲಿ ಒಂದು ಕಾಯಿಗೆ ಅರವತ್ತು ಕೊಟ್ಟಿದ್ದೇನೆ. ಅಣ್ಣನಿಗೆ ಫೋನು ಮಾಡಿದರೆ ಅತ್ತಿಗೆ ಎತ್ತಿ, “ನಿಮ್ಮಣ್ಣ ತೋಟದಲ್ಲವ್ರೆ” ಅನ್ನುತ್ತಿದ್ದರು. ಎರಡು ಸಲ ಕೇಳಿ ಸುಮ್ಮನಾದೆ. ನಲವತ್ತು ವರ್ಷ ಬೆಲೆ ಬಿತ್ತು ಅಂತ ಕೂತವರ ಮನೆಗೆ ಒಂದು ವರ್ಷ ಬೆಲೆ ಬಂದಿದೆ. ನನಗೆ ಏರಿಕೆ ಅನ್ನಿಸಿದ್ದು ಅವರಿಗೆ ಸೋರುವ ಹೆಂಚು ಬದಲಿಸಿಕೊಟ್ಟಿದೆ.

ಅಮ್ಮನ ಡೈರಿಯನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಪುಟ ತಿರುವುತ್ತಾ ಹೋದಾಗ ಹಣ್ಣಿನ ಸಾಲು ಹುಡುಕಿದೆ. ಬಾಳೆಹಣ್ಣು ಹಬ್ಬಕ್ಕೆ ಇದೆ. ಬೇರೆ ಹಣ್ಣು ಇಡೀ ವರ್ಷದಲ್ಲಿ ಮೂರೇ ಕಡೆ: “ಮೂಸಂಬಿ 4, ಅವರಿಗೆ ಜ್ವರ.” “ಮೂಸಂಬಿ 2, ಪುಟ್ಟಿಗೆ ಟೈಫಾಯ್ಡು.” “ಸೇಬು 1.” ಸೇಬಿನ ಎದುರು ಕಾರಣ ಇಲ್ಲ. ಪುಟ್ಟಿ ಅಂದರೆ ನಾನು. ಅಮ್ಮನಿಗೆ ಆ ವರ್ಷ ಎರಡು ತಿಂಗಳು ಕಾಮಾಲೆ ಆಗಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಆ ತಿಂಗಳುಗಳ ಪುಟದಲ್ಲಿ ಹಣ್ಣಿಲ್ಲ. ಅಕ್ಷರ ಮಾತ್ರ ಸೊಟ್ಟಗಿವೆ, ಗೆರೆಯನ್ನು ಸ್ಕೇಲಿಡದೆ ಎಳೆದಿದ್ದಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ಕೆರೆದು ಕೂರುತ್ತಿದ್ದವಳ ತಟ್ಟೆಯಲ್ಲಿ ಆ ಲೆಕ್ಕ ಸರಿಹೋಗುತ್ತಿತ್ತು. ಮೂರು ಮನೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆದ್ದರಿಂದ ನಮ್ಮ ಫ್ರಿಜ್ಜಿನ ಹಾಳೆಯಲ್ಲಿ ಹಣ್ಣನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ, ಅದರ ಎದುರು “ಇದೆ” ತುಂಬುವುದಿಲ್ಲ, ಪ್ರತಿ ವಾರ ಬರಬೇಕು. ಬಾಕಿಯೆಲ್ಲ ಅದರ ಕೆಳಗೆ ಕೂಡಿಸಿಕೊಳ್ಳುವುದು.

ಮೊನ್ನೆ ಭಾನುವಾರ ಅಮ್ಮ ಫೋನು ಮಾಡಿದ್ದಳು. ಅವಳಿಗೀಗ ಎಪ್ಪತ್ತಾರು. ಡೈರಿ ನೋಡಿ ಪಟ್ಟಿ ಶುರುಮಾಡಿದ್ದನ್ನು ಹೇಳಿದೆ.

“ಅದಿನ್ನೂ ಇಟ್ಕೊಂಡಿದೀಯಾ? ಒಲೆಗೆ ಹಾಕ್ಬಾರ್ದಾ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಈ ತಿಂಗಳು ಎಷ್ಟಾಯ್ತು?”

“ಹದಿನಾಲ್ಕರ ಹತ್ರ.”

“ಹಣ್ಣುಹಂಪಲು ತರ್ತೀಯಾ ತಾನೆ ಮಗೂಗೆ?”

“ಇವತ್ತೂ ತಂದೆ. ಎರಡು ಕೆಜಿ ಮೂಸಂಬಿ.”

“ಯಾರಿಗೇ ಹುಷಾರಿಲ್ಲ?”

“ಯಾರಿಗೂ ಏನಿಲ್ಲಮ್ಮ. ಸುಮ್ನೆ, ತಿನ್ನಕ್ಕೆ.”

ಆ ಕಡೆ ಮಾತಿಲ್ಲ. ಲೈನು ಹೋಯಿತೇನೋ ಅಂತ ಫೋನು ನೋಡಿಕೊಂಡೆ.

“ಕೆಜಿ ಎಷ್ಟು ಕೊಟ್ಟೆ?” ಅಂದಳು.

“ಎಂಬತ್ತು.”

“ಜಾಸ್ತಿ ಆಯ್ತು. ಕೊಸರು ಹಾಕಿದ್ನಾ?”